ಮೆಚ್ಚಿದ ಚಿತ್ರವನ್ನು ಹಂಚಿಕೊಳ್ಳುವ ಬಗೆ



ಮೆಚ್ಚಿದ ಚಿತ್ರ ಯಾವುದೆಂದು ಕೇಳಿದರೆ ಮಕ್ಕಳು ಹೆಸರನ್ನು ಥಟ್ಟನೆ ಹೇಳುವರು. ಏಕೆ ಮೆಚ್ಚಿದಿರೆಂದರೆ ಮಾತು ತಡವರಿಸುವುದು. ‘ಚೆನ್ನಾಗಿದೆ’ ಎಂದಷ್ಟೇ ಹೇಳಿದರೆ ಕೇಳಿದವರಿಗೆ ದೊರೆಯುವುದೇನು? ಯಾವ ಪಾತ್ರ, ಯಾವ ಸಂದರ್ಭ ಮನಸ್ಸನ್ನು ಮುಟ್ಟಿತೆಂಬುದನ್ನು ಬಿಡಿಸಿ ಹೇಳಬೇಕು.

1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದರು. ಆರ್. ಕೆ. ನಾರಾಯಣರ ಮೂಲಕಥೆ ಇಂಗ್ಲಿಷಿನದು. ಮನೆಮನೆಯಲ್ಲಿ ಕೇಳಿಸಿದ್ದು ಹಿಂದಿ. ಅದನ್ನು ನೋಡಿ ಅಜ್ಜಿಗೆ ಕನ್ನಡದಲ್ಲಿ ಸ್ವಾಮಿಯ ಕಥೆ ಹೇಳುವ ಬಾಲಕನು, ತಾನರಿಯದೆಯೇ ಅನುವಾದಕನಾಗುತ್ತಾನೆ. ಮಲೆಯಾಳ ಚಿತ್ರಗಳನ್ನು ನೋಡುವ ನಮ್ಮ ಗಡಿನಾಡಿನ ಮಕ್ಕಳಿಗೂ ಇದು ಸಾಧ್ಯ. ಅನ್ಯಭಾಷೆಯ ಚಿತ್ರ ನೋಡುವುದರಿಂದ ಕನ್ನಡಕ್ಕೆ ಕೇಡಿಲ್ಲ. ಕಂಡದ್ದನ್ನು ಕನ್ನಡದಲ್ಲಿ ಹೇಳದಿರುವುದೇ ಕೇಡು.

2018ರಲ್ಲಿ ತೆರೆಕಂಡ ರಿಷಬ್ ಶೆಟ್ಟಿ ಅವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡ ಬಾರದ ಗಣಿತದ ಅಧ್ಯಾಪಕರು ಬಂದಾಗ ಅಲ್ಲಿನ ಮಕ್ಕಳಿಗಾಗುವ ಸಂಕಟವನ್ನು ನಮ್ಮ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ವಿವರಿಸಬಲ್ಲವರು ಯಾರು?

ಹಿಂದೆ ಊರಿಗೊಂದು ಟೂರಿಂಗ್ ಟಾಕೀಸು, ಕೇರಿಗೊಂದು ಟಿವಿ. ಎಲ್ಲರೂ ಕೂಡಿ ನೋಡುತ್ತಿದ್ದುದರಿಂದ ಮಾತು ತಾನಾಗಿ ಹುಟ್ಟುತ್ತಿತ್ತು. ಇಂದು ಒಂದೇ ಮನೆಯಲ್ಲಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲು. ಆದುದರಿಂದ ಪೋಷಕರಲ್ಲಿ ನನ್ನದೊಂದು ವಿನಂತಿ: ಊಟಕ್ಕೆ ಕುಳಿತಾಗ ಮಗುವಿನಿಂದ ಒಂದು ಚಿತ್ರದ ಕಥೆ ಹೇಳಿಸಿರಿ, ನಡುವೆ ತಡೆಯದೆ ಕೇಳಿರಿ. ತರಗತಿಯಲ್ಲಿ ಕಲಿತ ಕನ್ನಡವು ಮನೆಯ ಮಾತಿನಲ್ಲಿ ಬಳಕೆಯಾದರೆ ಮಾತ್ರ ಬಾಳೀತು.