ಮೈಬಣ್ಣದ ಜಾಹೀರಾತು ಮತ್ತು ಸಮಾಜದ ಬಯೋಡೇಟಾ



ಹಿಂದೂಸ್ತಾನ್ ಲಿವರ್ ಸಂಸ್ಥೆಯು 'ಫೇರ್ ಅಂಡ್ ಲವ್ಲಿ' ಕ್ರೀಮನ್ನು ಮಾರುಕಟ್ಟೆಗೆ ತಂದದ್ದು 1975ರಲ್ಲಿ. ಮುಂದಿನ ದಶಕಗಳಲ್ಲಿ ಟಿ.ವಿ. ಪರದೆಯ ಮೇಲೆ ಒಂದೇ ಕಥೆ ಮತ್ತೆ ಮತ್ತೆ ಮೂಡಿತು: ಕಪ್ಪು ಮೈಬಣ್ಣದ ಯುವತಿ ತಲೆತಗ್ಗಿಸಿ ನಿಂತಿದ್ದಾಳೆ, ಕೆಲವೇ ವಾರಗಳಲ್ಲಿ ಬಣ್ಣ ತಿಳಿಯಾಗುತ್ತದೆ, ಉದ್ಯೋಗವೂ ವರನೂ ತಾವಾಗಿ ಒದಗಿಬರುತ್ತಾರೆ. ಕ್ರೀಮಿಗಿಂತ ಮೊದಲು ಮಾರಾಟವಾದದ್ದು ನಾಚಿಕೆ. 2005ರಲ್ಲಿ ಗಂಡಸರಿಗಾಗಿಯೂ ಒಂದು ಕ್ರೀಮು ಬಂದಿತು. ನಾಚಿಕೆಯ ಪೇಟೆ ಹಿಗ್ಗಿತು.

ಇದರ ಬೆಲೆಯನ್ನು ಚರ್ಮವೂ ತೆತ್ತಿತು. ಬಿಳುಪಿನ ಆಸೆಯಿಂದ ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ತಿಂಗಳುಗಟ್ಟಲೆ ಹಚ್ಚಿಕೊಂಡವರ ಚರ್ಮ ತೆಳುವಾಯಿತು, ಕೆಂಪೇರಿತು. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಔಷಧದಂಗಡಿಗಳಲ್ಲಿ ಚೀಟಿ ಕೇಳುವವರೆಷ್ಟು ಮಂದಿ ಎಂಬುದು ಬೇರೆ ಮಾತು.

ಮೈಬಣ್ಣದ ಕಾರಣಕ್ಕೆ ಯಾರನ್ನೂ ದುಃಖಿಗಳೆಂದೋ ಅನಾಕರ್ಷಕರೆಂದೋ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿಯು 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಆ ಕ್ರೀಮಿನ ಹೆಸರಿನಿಂದ 'ಫೇರ್' ಹೋಗಿ 'ಗ್ಲೋ' ಬಂದಿತು. ಅದೇ ವರ್ಷ ಶಾದಿ ಡಾಟ್ ಕಾಮ್ ಮೈಬಣ್ಣದ ಸೋಸುಪಟ್ಟಿಯನ್ನು ತೆಗೆದುಹಾಕಿತು. ಹೆಸರು ಬದಲಾದ ಮಾತ್ರಕ್ಕೆ ಕ್ರೀಮಿನ ಉದ್ದೇಶ ಬದಲಾಯಿತೆಂದು ನಂಬಬೇಕಾಗಿಲ್ಲ. ಆದರೂ ಪೇಟೆ ಅಷ್ಟಾದರೂ ಹಿಂಜರಿಯಿತು.

ಸಮಾಜವೋ? ಮುಂಬಯಿ, ಪುಣೆಗಳ ಕನ್ನಡಿಗ ಜೈನ ಕುಟುಂಬಗಳ ನಡುವೆ ಹರಿದಾಡುವ ಬಯೋಡೇಟಾಗಳಲ್ಲಿ ಎತ್ತರ, ವಿದ್ಯೆ, ಸಂಬಳಗಳ ಜೊತೆಗೆ 'ಬಣ್ಣ: ಬಿಳುಪು' ಎಂಬ ಸಾಲು ಇಂದಿಗೂ ಕಾಣುತ್ತದೆ. 'ಗೋಧಿ ಬಣ್ಣ' ಎಂಬುದು ಅನೇಕ ವೇಳೆ ಕಪ್ಪಿಗೆ ಹೊದಿಸಿದ ಮುಸುಕು. ಮಗಳ ಭಾವಚಿತ್ರವನ್ನು ಮೊಬೈಲಿನಲ್ಲಿ ತಿದ್ದಿ, ಬೆಳ್ಳಗೆ ಮಾಡಿ ಕಳುಹಿಸುವ ತಂದೆತಾಯಿ ಒಳ್ಳೆಯದನ್ನೇ ಬಯಸಿರುತ್ತಾರೆ. ಆದರೆ ಆ ಚಿತ್ರವನ್ನು ಮಗಳೂ ನೋಡುತ್ತಾಳೆ. ತಾನು ಇದ್ದಂತೆ ಸಾಲದೆಂದು ಆಕೆಗೆ ತಿಳಿಸಲು ಆಗ ಯಾವ ಜಾಹೀರಾತೂ ಬೇಕಾಗುವುದಿಲ್ಲ.

ಇಪ್ಪತ್ತನೆಯ ತೀರ್ಥಂಕರರಾದ ಮುನಿಸುವ್ರತರೂ ಇಪ್ಪತ್ತೆರಡನೆಯವರಾದ ನೇಮಿನಾಥರೂ ಶ್ಯಾಮವರ್ಣದವರು. ಶ್ರವಣಬೆಳಗೊಳದ ಚಾವುಂಡರಾಯ ಬಸದಿಯಲ್ಲಿ ನೇಮಿನಾಥರಿಗೆ ಕೈಮುಗಿದು ಬಂದವರೇ 'ಹುಡುಗಿ ಸ್ವಲ್ಪ ಕಪ್ಪು' ಎಂದು ಸಂಬಂಧವನ್ನು ತಿರುಗಿಸುವುದುಂಟು. ಮೈಬಣ್ಣವು ನಾಮಕರ್ಮದ ಫಲವೆಂದು ಸಿದ್ಧಾಂತ ಹೇಳುತ್ತದೆ. ಇದನ್ನೇ ತಿರುಚಿ, ಕಪ್ಪು ಅಶುಭದ ಗುರುತೆನ್ನುವವರಿದ್ದಾರೆ. ಅವರು ನೇಮಿನಾಥರ ವಿಷಯದಲ್ಲಿ ಏನು ಹೇಳುತ್ತಾರೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಶರೀರಮದವೂ ಒಂದು. ಬಣ್ಣವನ್ನು ಹೆಮ್ಮೆಯಿಂದ ಬರೆಯುವ ಬಯೋಡೇಟಾ ಆ ಮದವನ್ನೇ ಅಂಕಣವಾಗಿ ಮುದ್ರಿಸಿಕೊಂಡಿದೆ.

ಕಾನೂನು ಮನೆಯೊಳಗೆ ಬರಲಾರದು, ಸಮಿತಿಗಳು ಬರಬಲ್ಲವು. ಮುಂದಿನ ವಧು-ವರ ಸಮ್ಮೇಳನದ ಅರ್ಜಿ ಮುದ್ರಣಕ್ಕೆ ಹೋಗುವ ಮುನ್ನ ಮೈಬಣ್ಣದ ಅಂಕಣವನ್ನು ತೆಗೆದುಹಾಕಲಿ. ತುಂಬಬಯಸುವವರಿಗೂ ಅಲ್ಲಿ ಜಾಗವಿರದಿರಲಿ. ತಿದ್ದದ ಭಾವಚಿತ್ರವನ್ನಷ್ಟೇ ಸ್ವೀಕರಿಸಲಿ.