ಬಾಗಿದ ಕುತ್ತಿಗೆಯ ಹಿಂದಿನ ಕಾರಣ



ಮೊಗುಡಂಪಲ್ಲಿ, ಜಹೀರಾಬಾದ್ ಪರಿಸರದ ಕನ್ನಡ ಶಾಲೆಗಳಲ್ಲಿ ಶ್ರಮಿಸುತ್ತಿರುವ ತಮ್ಮೊಡನೆ ಇಂದು ಮಗುವಿನ ತಲೆ ಮತ್ತು ಕುತ್ತಿಗೆಯ ಭಂಗಿಯನ್ನು ಕುರಿತು ಮಾತನಾಡಬಯಸುತ್ತೇನೆ. ಇದು ಪಠ್ಯದ ಹೊರಗಿನ ವಿಷಯವೆಂದು ತೋರಬಹುದು. ಆದರೆ ಕಲಿಕೆಗೂ ಇದಕ್ಕೂ ನಿಕಟ ಸಂಬಂಧವಿದೆ.

ಮೊದಲು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ವೃತ್ತಿಯ ಆರಂಭದಲ್ಲಿ, ನಾಲ್ಕನೆಯ ತರಗತಿಯ ಬಾಲಕಿಯೊಬ್ಬಳು ಪುಸ್ತಕಕ್ಕೆ ಮೂಗು ತಾಗುವಂತೆ ಬಾಗಿ ಬರೆಯುತ್ತಿದ್ದಳು. "ನೆಟ್ಟಗೆ ಕೂಡು" ಎಂದು ದಿನವೂ ಗದರುತ್ತಿದ್ದೆ. ಕ್ಷಣಕಾಲ ನೆಟ್ಟಗಾಗಿ ಮತ್ತೆ ಬಾಗುತ್ತಿದ್ದಳು. ವರ್ಷದ ಕೊನೆಯಲ್ಲಿ ನಡೆದ ನೇತ್ರ ತಪಾಸಣೆಯಲ್ಲಿ ಆಕೆಗೆ ದೃಷ್ಟಿದೋಷವಿರುವುದು ತಿಳಿಯಿತು. ಕನ್ನಡಕ ಬಂದ ಮೇಲೆ ಕುತ್ತಿಗೆ ತಾನಾಗಿಯೇ ಮೇಲೆದ್ದಿತು. ಕಣ್ಣಿನ ತೊಂದರೆಯನ್ನು ನಾನು ಇಡೀ ವರ್ಷ ಅಶಿಸ್ತೆಂದು ಭಾವಿಸಿದ್ದೆ.

ಬಿಂದಿಗೆಯನ್ನು ಎದೆಗೊತ್ತಿ ಹಿಡಿದರೆ ಭಾರ ತೋರದು. ಕೈ ಚಾಚಿ ಹಿಡಿದರೆ ತೋಳು ಸೋಲುತ್ತದೆ. ಕುತ್ತಿಗೆಯ ಸ್ಥಿತಿಯೂ ಹಾಗೆಯೇ. ವಯಸ್ಕರ ತಲೆಯ ತೂಕ ಸುಮಾರು 5 ಕಿಲೋ. ತಲೆಯನ್ನು 60 ಡಿಗ್ರಿಯಷ್ಟು ಬಾಗಿಸಿದಾಗ ಕುತ್ತಿಗೆಯ ಮೇಲೆ ಸುಮಾರು 27 ಕಿಲೋ ಭಾರ ಬೀಳುತ್ತದೆಂದು ಅಮೆರಿಕದ ಶಸ್ತ್ರವೈದ್ಯ ಕೆನೆತ್ ಹನ್ಸರಾಜ್ 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಗುರುತಿಸುವುದು ಸುಲಭ. ಮಗುವನ್ನು ಪಕ್ಕದಿಂದ ನೋಡಿರಿ. ಕಿವಿಯು ಭುಜದ ನೇರದಲ್ಲಿರಬೇಕು. ಸದಾ ಮುಂದಕ್ಕೆ ಚಾಚಿದ್ದರೆ ಗಮನಿಸಬೇಕು. ಎದುರಿನಿಂದ ನೋಡುವಾಗ ತಲೆ ಒಂದೇ ಕಡೆಗೆ ವಾಲಿದೆಯೇ, ಭುಜಗಳು ಸಮವಾಗಿವೆಯೇ ಎಂಬುದನ್ನು ಪರಿಶೀಲಿಸಿರಿ.

ತರುವಾಯ ಕಾರಣವನ್ನು ಹುಡುಕಬೇಕು. ಕರಿಹಲಗೆ ಕಾಣುತ್ತಿದೆಯೇ? ಒಂದು ಕಿವಿ ಮಂದವಾಗಿದೆಯೇ? ನೆಲದ ಮೇಲಿಟ್ಟ ಪುಸ್ತಕದಲ್ಲಿ ಬರೆಯುತ್ತಿದೆಯೇ? ಮನೆಯಲ್ಲಿ ಬಹುಹೊತ್ತು ಮೊಬೈಲ್ ನೋಡುತ್ತದೆಯೇ? ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಭಾಷೆಗಳ ಪುಸ್ತಕ ಹೊರುವ ನಮ್ಮ ಮಕ್ಕಳ ಪಾಟೀಚೀಲವನ್ನು ಒಮ್ಮೆ ತೂಗಿ ನೋಡಿರಿ. 2020ರ ಶಾಲಾಚೀಲ ನೀತಿಯಂತೆ ಅದು ಮಗುವಿನ ತೂಕದ ಶೇ. 10ನ್ನು ಮೀರಬಾರದು, 20 ಕಿಲೋ ತೂಗುವ ಮಗುವಿಗೆ 2 ಕಿಲೋ ಮಾತ್ರ.

ಪರಿಹಾರಗಳೂ ನಮ್ಮ ಕೈಯಲ್ಲಿವೆ. ಬೆಂಚು ಇಲ್ಲದಿದ್ದಲ್ಲಿ ಮಣೆಯ ಮೇಲೆ ಹಲಗೆಯನ್ನು ಓರೆಯಾಗಿಟ್ಟು ಪುಸ್ತಕವನ್ನು ಎತ್ತರಿಸಿರಿ. ಕಣ್ಣು ಮಂದವಾದ ಮಗುವನ್ನು ಮುಂದೆ ಕೂಡಿಸಿ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ತಪ್ಪದೆ ತೋರಿಸಿರಿ. ಚೀಲದ ಎರಡೂ ಪಟ್ಟಿಗಳನ್ನು ಹೆಗಲಿಗೆ ಹಾಕಿಸಿರಿ. ಅರ್ಧ ಗಂಟೆಗೊಮ್ಮೆ ಎಲ್ಲರನ್ನೂ ಎಬ್ಬಿಸಿ, ಗಲ್ಲವನ್ನು ಮೇಲೆತ್ತದೆ ಮೆಲ್ಲನೆ ಹಿಂದಕ್ಕೆ ಸೆಳೆದು ಐದು ಎಣಿಸುವವರೆಗೆ ಹಿಡಿದು ಬಿಡುವಂತೆ ಐದು ಸಲ ಮಾಡಿಸಿರಿ. ಎಣಿಕೆ ಕನ್ನಡದಲ್ಲಿರಲಿ. ನೋವೆಂದರೆ ಕೂಡಲೇ ನಿಲ್ಲಿಸಿರಿ. ಮಗುವಿನ ತಲೆಯನ್ನು ಕೈಯಿಂದ ಒತ್ತಿ ತಿರುಗಿಸುವುದು ಸಲ್ಲದು.

ಜ್ವರದೊಡನೆ ಕುತ್ತಿಗೆ ಬಿಗಿದರೆ, ಬಿದ್ದ ಮೇಲೆ ನೋವು ಬಂದರೆ, ಕೈ ಜೋಮು ಹಿಡಿದರೆ, ತಲೆ ಇದ್ದಕ್ಕಿದ್ದಂತೆ ವಾಲಿದರೆ ವ್ಯಾಯಾಮ ಬೇಡ. ತಡಮಾಡದೆ ವೈದ್ಯರಲ್ಲಿಗೆ ಕಳುಹಿಸಬೇಕು.

ನಾಳೆ ತರಗತಿಯಲ್ಲಿ ಬಾಗಿದ ಮಗುವನ್ನು ಕಂಡಾಗ "ನೆಟ್ಟಗೆ ಕೂಡು" ಎನ್ನುವ ಮುನ್ನ ಅದರ ಪಕ್ಕದಲ್ಲಿ ಕುಳಿತು, "ಹಲಗೆಯ ಮೇಲಿನ ಅಕ್ಷರ ಕಾಣ್ತದೇನಪ್ಪ?" ಎಂದು ಕೇಳಿರಿ. ನಾನು ಆ ಬಾಲಕಿಯನ್ನು ಕೇಳಬೇಕಾಗಿದ್ದ ಮಾತು ಅದೊಂದೇ.