ಒಣಗದ ತಟ್ಟೆ, ಮುಳುಗಿದ ಕಣಿವೆ



ಮಂಡ್ಯ, ಮದ್ದೂರು, ಮಳವಳ್ಳಿಗಳ ಕೆಲವು ಮನೆಗಳಿಗೂ ಪಾತ್ರೆ ತೊಳೆಯುವ ಯಂತ್ರ ಬಂದಿದೆ. ಅದರ ಮೇಲಿನ ದೂರು ಒಂದೇ: ಪಾತ್ರೆ ತೊಳೆಯುತ್ತದೆ, ಒಣಗಿಸುವುದಿಲ್ಲ. ಹೊಸ ಯಂತ್ರಗಳಲ್ಲಿ ಹಲವು ವಿದ್ಯುತ್ ಉಳಿತಾಯಕ್ಕಾಗಿ ಒಣಗಿಸುವ ಹೀಟರನ್ನು ಕೈಬಿಟ್ಟಿವೆ. ಕೊನೆಯ ಬಿಸಿನೀರಿನಿಂದ ಪಾತ್ರೆ ಹೀರಿಕೊಂಡ ಶಾಖವೇ ಅಂಟಿದ ನೀರನ್ನು ಆವಿಯಾಗಿಸಬೇಕು. ದಪ್ಪ ಪಿಂಗಾಣಿ ಆ ಶಾಖವನ್ನು ಹಿಡಿದಿಡುತ್ತದೆ. ಹಗುರ ಪ್ಲಾಸ್ಟಿಕ್ ಡಬ್ಬಿ ಬೇಗ ತಣಿದು ಒದ್ದೆಯಾಗಿಯೇ ಉಳಿಯುತ್ತದೆ. ಲೋಟದ ತಳದ ಗುಳಿಯಲ್ಲಿ ನಿಂತ ನೀರಂತೂ ಆರುವುದೇ ಇಲ್ಲ.

ಹೀಟರ್ ಬೇಕೇ ಬೇಕೆನ್ನುವವರು ಲೆಕ್ಕ ನೋಡಲಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.7 ಯೂನಿಟ್ ಶಕ್ತಿ ಬೇಕು. ಒಂದು ಮನೆಯ ಪಾತ್ರೆಗಳಿಗೆ ಅಂಟುವ ನೀರು ಅದಕ್ಕಿಂತ ಕಡಿಮೆಯೇ. ಲಕ್ಷ ಮನೆಗಳ ಮಾತು ಬೇರೆ.

ಮಲೆನಾಡಿನವನು ಇದನ್ನು ಇಲ್ಲಿ ಏಕೆ ಎತ್ತಿದೆನೆಂದರೆ, ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಸುತ್ತಲಿನ ಹಳ್ಳಿಗಳಿಗಲ್ಲ, ಕೋಲಾರದ ಚಿನ್ನದ ಗಣಿಗೆ. ಬೇಡಿಕೆ ಬೆಳೆಯಿತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು. ಅದೇ ಕಣಿವೆಗೆ ಈಗ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ರೂಪುಗೊಂಡಿದೆ, ಬೇಡಿಕೆ ಏರುವ ಹೊತ್ತಿನ ವಿದ್ಯುತ್ತಿಗಾಗಿ.

ಆದ್ದರಿಂದ ಯಂತ್ರವನ್ನು ಸಂಜೆ ನಡೆಸಬೇಡಿ, ಹಗಲಿನಲ್ಲಿ ನಡೆಸಿ. ನಿಂತೊಡನೆ ಬಾಗಿಲು ತೆರೆದಿಡಿ, ಆವಿ ಹೊರಹೋಗಲಿ. ಡಬ್ಬಿಗಳನ್ನು ಮಂಡ್ಯದ ಬಿಸಿಲಿಗೆ ಬೋರಲು ಹಾಕಿ. ಆಷಾಢದ ಮಲೆನಾಡಿನಲ್ಲಿ ನಮಗೆ ಆ ಭಾಗ್ಯವೂ ಇಲ್ಲ.